ಬೆಣ್ಣೆ ಊರಿನ ಮಿಲಿಯನೇರ್‌ಗಳು

ಹಾಕಿ ಅಂದ್ರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು, ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದ ಧ್ಯಾನ್‌ಚಂದ್. ಇನ್ನೊಂದು, ಹಾಸ್ಟೆಲಿನಲ್ಲಿ ರೂಂಮೇಟ್ ಆಗಿದ್ದ ಕೊಡಗಿನ ಹುಡುಗ. ಬೇಸಿಗೆ ಬಂತೆಂದರೆ ಪರೀಕ್ಷೆ ಗಿರೀಕ್ಷೆ ಎಲ್ಲಾ ಪಕ್ಕಕ್ಕಿಟ್ಟು ತನ್ನ ಮನೆತನದ ಟೀಮಿಗೆ ಆಡೋಕೆ ಬಸ್ಸು ಹತ್ತಿಬಿಡುತ್ತಿದ್ದ. ನಮ್ಮದು ಅರಸೀಕೆರೆ ಕಡೆಯ ನೀರಿಲ್ಲದ ಊರು. ಅಲ್ಲಿ ಐಸ್ ಅಂದರೆ ಜಾತ್ರೆಗೆ ಸೈಕಲ್ ಮೇಲೆ ಬರುತ್ತಿದ್ದ ಐಸ್‌ಕ್ಯಾಂಡಿ ಡಬ್ಬ, ಅಷ್ಟೇ. ಅಂಥವನು 2015ರ ನವೆಂಬರಿನಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ಅಂತ ಕೆನಡಾದ ಒಟ್ಟಾವ ನಗರಕ್ಕೆ ಬಂದು ಇಳಿದೆ.

ಇಲ್ಲಿ ಸೋಮವಾರ ಊಟದ ಹೊತ್ತಿನಲ್ಲಿ ಐಸ್ ಹಾಕಿ ಬಿಟ್ಟು ಬೇರೆ ಮಾತಿಲ್ಲ. ನಾನು ಬಾಕ್ಸಿನ ಚಿತ್ರಾನ್ನ ತಿನ್ನುತ್ತಾ ಹೂಂ ಹೂಂ ಅನ್ನುತ್ತಿದ್ದೆ. ಎಷ್ಟು ದಿನ ಅಂತ ಹೂಂಗುಟ್ಟೋದು? ನನಗೊಂದು ಚಟ ಇದೆ. ಯಾರದ್ದೇ ಕೋಡ್ ಕೈಗೆ ಸಿಕ್ಕರೂ ಅದರ ಮೊಟ್ಟಮೊದಲ ಕಮಿಟ್ ಯಾವುದು, ಯಾರು ಯಾಕೆ ಶುರು ಮಾಡಿದರು ಅಂತ ಹಿಂದೆ ಹಿಂದೆ ಹೋಗಿ ನೋಡೋದು. ಹಾಕಿಯಲ್ಲೂ ಹಾಗೇ ಹಿಂದಕ್ಕೆ ಹೋದೆ. ಇವತ್ತಿನ ಎನ್‌ಎಚ್‌ಎಲ್, ಅದಕ್ಕೂ ಹಿಂದಿನ ಎನ್‌ಎಚ್‌ಎ, ಅದಕ್ಕೂ ಹಿಂದೆ... ಕೊನೆಗೆ ಬಂದು ನಿಂತದ್ದು ರೆನ್‌ಫ್ರೂ ಅನ್ನೋ ಒಂದು ಊರಿನಲ್ಲಿ. ಮ್ಯಾಪ್ ತೆಗೆದು ನೋಡಿದರೆ ನನ್ನ ಅಪಾರ್ಟ್‌ಮೆಂಟಿನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ!

ಫೆಬ್ರವರಿಯ ಒಂದು ಶನಿವಾರ ಹೋಗಿಯೇಬಿಟ್ಟೆ. ಒಂದು ಮುಖ್ಯ ರಸ್ತೆ, ಎರಡೂ ಕಡೆ ಇಟ್ಟಿಗೆ ಕಟ್ಟಡಗಳು, ಹೆಪ್ಪುಗಟ್ಟಿದ ಬಾನ್‌ಶೇರ್ ನದಿ, ಅದರ ಮೇಲೊಂದು ತೂಗುಸೇತುವೆ. ನೂರು ವರ್ಷದ ಹಿಂದೆ ಇಲ್ಲಿನ ಜನಸಂಖ್ಯೆ ನಾಲ್ಕು ಸಾವಿರವೂ ಇರಲಿಲ್ಲ. ಹೆಸರು ಮಾಡಿದ್ದು ಬೆಣ್ಣೆಗೆ. ಅದಕ್ಕೇ ಊರಿನ ಹಾಕಿ ಟೀಮಿಗೆ ‘ಕ್ರೀಮರಿ ಕಿಂಗ್ಸ್’ ಅಂತ ಹೆಸರು. ನಮ್ಮ ಕಡೆ ಹೇಳೋದಾದರೆ ಡೈರಿ ದೊರೆಗಳು. ಫೋನಿನಲ್ಲಿ ಹೇಳಿದಾಗ ನಮ್ಮಪ್ಪನಿಗೆ ನಗು ತಡೆಯೋಕಾಗಲಿಲ್ಲ. ಅವರು ನಮ್ಮೂರ ಹಾಲಿನ ಸೊಸೈಟಿಯಲ್ಲಿ ಹನ್ನೆರಡು ವರ್ಷ ಫ್ಯಾಟ್ ಅಳೆದವರು.

ಈ ಡೈರಿ ದೊರೆಗಳಿಗೆ ಒಂದು ಆಸೆ ಇತ್ತು. ಸ್ಟಾನ್ಲಿ ಕಪ್ ಗೆಲ್ಲಬೇಕು ಅಂತ. 1892ರಲ್ಲಿ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟಾನ್ಲಿ ಕೊಟ್ಟ ಬಟ್ಟಲು ಅದು. ಆಗ ಅದಕ್ಕೆ ಈಗಿನ ಹಾಗೆ ಲೀಗು, ಪ್ಲೇಆಫ್ ಇರಲಿಲ್ಲ. ಕಪ್ ಇಟ್ಟುಕೊಂಡವರಿಗೆ ಬೇರೆ ಊರಿನವರು ಸವಾಲು ಹಾಕಬೇಕು, ಆ ಸವಾಲು ಯೋಗ್ಯವೋ ಅಲ್ಲವೋ ಅಂತ ಟ್ರಸ್ಟಿಗಳು ಹೇಳಬೇಕು. ರೆನ್‌ಫ್ರೂ ತನ್ನ ಸುತ್ತಮುತ್ತಲಿನ ಊರುಗಳನ್ನೆಲ್ಲ ಸೋಲಿಸಿತ್ತು. ಆದರೆ ಸುತ್ತಮುತ್ತಲಿನ ಊರು ಸೋಲಿಸಿದವರನ್ನು ಯಾರು ಕೇಳ್ತಾರೆ? ದೊಡ್ಡವರ ಲೀಗಿನೊಳಗೆ ಹೋಗದೆ ಕಪ್ಪಿನ ಹತ್ತಿರಕ್ಕೂ ಬಿಡುವುದಿಲ್ಲ ಅನ್ನೋದು ಊರಿನವರಿಗೆ ಅರ್ಥವಾಯಿತು.

ಊರಿನಲ್ಲಿ ಒಬ್ಬ ಸಾಹುಕಾರ ಇದ್ದ, ಎಂ. ಜೆ. ಒಬ್ರಿಯನ್ ಅಂತ. ಹುಡುಗನಾಗಿದ್ದಾಗ ರೈಲು ಹಳಿ ಹಾಕುವ ಕೂಲಿಗಳಿಗೆ ನೀರು ಹೊತ್ತು ಕೊಡುತ್ತಿದ್ದವನು, ಆಮೇಲೆ ತಾನೇ ರೈಲು ಮಾರ್ಗದ ಕಂಟ್ರಾಕ್ಟರ್ ಆದ. ಅದರ ಮೇಲೆ ಉತ್ತರದ ಕೋಬಾಲ್ಟ್ ಅನ್ನೋ ಕಡೆ ಬೆಳ್ಳಿ ಗಣಿಯೂ ಸಿಕ್ಕಿತು. ಅವನ ಮಗ ಆಂಬ್ರೋಸ್. ತಾನೂ ಹಾಕಿ ಆಡಿದವನು, ಆಗ ಇಪ್ಪತ್ತನಾಲ್ಕು ವರ್ಷ. 1909ರ ನವೆಂಬರಿನಲ್ಲಿ ಈ ಹುಡುಗ ಊರಿನ ಅರ್ಜಿ ಹಿಡಿದುಕೊಂಡು ಮಾಂಟ್ರಿಯಲ್‌ಗೆ ಹೋದ. ವಿಂಡ್ಸರ್ ಹೋಟೆಲಿನಲ್ಲಿ ದೊಡ್ಡ ಟೀಮುಗಳ ಮಾಲೀಕರ ಸಭೆ ನಡೀತಿತ್ತು. ಅರ್ಜಿ ತಿರಸ್ಕಾರವಾಯಿತು. ಬೆಣ್ಣೆ ಮಾಡೋ ಊರಿಗೂ ಮಾಂಟ್ರಿಯಲ್, ಕ್ವಿಬೆಕ್ ನಗರಗಳಿಗೂ ಎಲ್ಲಿಂದೆಲ್ಲಿಯ ಸಮ ಅಂತ.

ಅದೇ ಸಭೆಯಲ್ಲಿ ಇನ್ನೊಂದು ಟೀಮಿಗೂ ಬಾಗಿಲು ಹಾಕಿದರು: ಮಾಂಟ್ರಿಯಲ್ ವಾಂಡರರ್ಸ್. ಅದರ ಹೊಸ ಮಾಲೀಕ ಪಂದ್ಯಗಳನ್ನ ತನ್ನದೇ ಚಿಕ್ಕ ರಿಂಕಿಗೆ ಸಾಗಿಸಲು ಹೊರಟಿದ್ದ. ಅಲ್ಲಿ ಸೀಟು ಕಡಿಮೆ. ಸೀಟು ಕಡಿಮೆಯಾದರೆ ಎದುರಾಳಿಗಳಿಗೆ ಬರೋ ಟಿಕೆಟ್ ದುಡ್ಡೂ ಕಡಿಮೆ. ಉಳಿದವರು ಇದ್ದ ಲೀಗನ್ನೇ ಮುಚ್ಚಿ, ವಾಂಡರರ್ಸ್ ಇಲ್ಲದ ಹೊಸ ಲೀಗ್ ಕಟ್ಟಿಕೊಂಡುಬಿಟ್ಟರು. ಎಷ್ಟು ಸಲೀಸು ನೋಡಿ! ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಬೇಡದವನನ್ನ ಬಿಟ್ಟು ಇನ್ನೊಂದು ಗ್ರೂಪ್ ಮಾಡ್ತೀವಲ್ಲ, ಅದೇ ಐಡಿಯಾ. ಸಿಟ್ಟಿನಿಂದ ಹೊರಬಂದ ವಾಂಡರರ್ಸ್‌ನ ಜಿಮ್ಮಿ ಗಾರ್ಡ್ನರ್, ಲಾಬಿಯಲ್ಲಿ ಸಪ್ಪೆ ಮುಖ ಹಾಕಿ ಕೂತಿದ್ದ ಆಂಬ್ರೋಸನ ಪಕ್ಕ ಬಂದು ಕೂತ ಅಂತ ಇಲ್ಲಿನವರು ಕಥೆ ಹೇಳ್ತಾರೆ. ಅವರು ಬಿಡದಿದ್ದರೆ ಬಿಡಲಿ, ನಾವೇ ಒಂದು ಲೀಗ್ ಮಾಡೋಣ ಅನ್ನೋ ಮಾತು ಅಲ್ಲಿ ಹುಟ್ಟಿತಂತೆ. ಲಾಬಿ, ಸಪ್ಪೆ ಮುಖ ಎಲ್ಲ ಆಮೇಲೆ ಸೇರಿಕೊಂಡ ಮಸಾಲೆ ಇರಬಹುದು. ಆದರೆ ಡಿಸೆಂಬರ್ 2ಕ್ಕೆ ಅದೇ ವಿಂಡ್ಸರ್ ಹೋಟೆಲಿನಲ್ಲಿ ನ್ಯಾಷನಲ್ ಹಾಕಿ ಅಸೋಸಿಯೇಷನ್, ಅಂದರೆ ಎನ್‌ಎಚ್‌ಎ, ಹುಟ್ಟಿದ್ದು ನಿಜ. ರೆನ್‌ಫ್ರೂ, ವಾಂಡರರ್ಸ್, ಗಣಿ ಊರುಗಳಾದ ಕೋಬಾಲ್ಟ್ ಮತ್ತು ಹೇಲಿಬರಿ. ಎರಡು ದಿನ ಬಿಟ್ಟು ಇನ್ನೊಂದು ಟೀಮ್ ಸೇರಿಸಿದರು. ಮಾಂಟ್ರಿಯಲ್‌ನ ಫ್ರೆಂಚ್ ಮಾತಾಡುವ ಜನಕ್ಕೆ ತಮ್ಮದು ಅನ್ನೋ ಒಂದು ಟೀಮ್ ಇರಲಿ, ಇಂಗ್ಲಿಷಿನವರ ವಾಂಡರರ್ಸ್ ಎದುರು ಆಡಿದರೆ ಗೇಟಿನಲ್ಲಿ ಜನ ನುಗ್ಗುತ್ತಾರೆ ಅನ್ನೋ ಲೆಕ್ಕ. ಅದರ ಹೆಸರು ಲೆ ಕೆನೇಡಿಯನ್ಸ್. ಐದರಲ್ಲಿ ನಾಲ್ಕು ಟೀಮುಗಳ ಹಿಂದೆ ಇದ್ದದ್ದು ಒಬ್ರಿಯನ್ ಮನೆಯ ದುಡ್ಡು.

ಇನ್ನು ರೆನ್‌ಫ್ರೂ ಆಟಗಾರರನ್ನ ಕೊಂಡುಕೊಳ್ಳೋಕೆ ಹೊರಟಿತು. ಲೆಸ್ಟರ್ ಪ್ಯಾಟ್ರಿಕ್‌ಗೆ 3,000 ಡಾಲರ್, ಅವನ ತಮ್ಮ ಫ್ರಾಂಕ್‌ಗೆ 2,000. ಇವರು ಒಪ್ಪಲಾರರು ಅಂದುಕೊಂಡೇ ಲೆಸ್ಟರ್ ಅಷ್ಟು ದೊಡ್ಡ ಮೊತ್ತ ಕೇಳಿದ್ದ ಅಂತ ಪ್ರತೀತಿ. ಇವರು ಒಪ್ಪಿಬಿಟ್ಟರು. ಇದೆಲ್ಲದರ ಮೇಲೆ ಕಳಶ ಇಟ್ಟ ಹಾಗೆ ಬಂದವನು ಫ್ರೆಡ್ ಟೇಲರ್. ಜನ ಕರೀತಿದ್ದದ್ದು ಸೈಕ್ಲೋನ್ ಅಂತ. ಆ ಕಾಲದಲ್ಲಿ ಒಂದು ಕಡೆಗೆ ಏಳು ಜನ ಆಡೋರು, ಮುಂದಕ್ಕೆ ಪಾಸ್ ಕೊಡೋ ಹಾಗಿರಲಿಲ್ಲ. ಆದ್ದರಿಂದ ಪಕ್ ಹಿಡಿದುಕೊಂಡು ಜಾರಿ ಓಡಬಲ್ಲವನೇ ರಾಜ. ಟೇಲರ್ ಹಿಂದಿನ ಸಾಲಿನಿಂದ ಎದ್ದು ಬಂದರೆ ಹಿಡಿಯೋರಿರಲಿಲ್ಲವಂತೆ. ಅದೇ ವರ್ಷ ಒಟ್ಟಾವಕ್ಕೆ ಸ್ಟಾನ್ಲಿ ಕಪ್ ಗೆಲ್ಲಿಸಿಕೊಟ್ಟಿದ್ದ. ಒಟ್ಟಾವದವರು ಅವನನ್ನ ಕರೆಸಿಕೊಳ್ಳುವಾಗ ಜೊತೆಗೆ ಸರ್ಕಾರಿ ಕೆಲಸವನ್ನೂ ಕೊಡಿಸಿದ್ದರು, ವಲಸೆ ಇಲಾಖೆಯಲ್ಲಿ. ಈ ವಲಸೆ ಇಲಾಖೆ ಅನ್ನೋದನ್ನ ಮೊದಲ ಸಲ ಓದಿದಾಗ ನಾನು ಹಾಗೇ ದಾಟಿ ಹೋಗಿದ್ದೆ.

ರೆನ್‌ಫ್ರೂ ಟೇಲರ್‌ಗೆ ಕೊಟ್ಟದ್ದು 5,250 ಡಾಲರ್. ಎರಡು ತಿಂಗಳಿಗೆ, ಹನ್ನೆರಡು ಪಂದ್ಯಕ್ಕೆ. ಒಂದು ಪಂದ್ಯಕ್ಕೆ ನಾನೂರು ಡಾಲರ್ ಮೇಲಾಯಿತು. ಪತ್ರಿಕೆಯವರು ಕ್ರೀಮರಿ ಕಿಂಗ್ಸ್ ಹೆಸರು ಮರೆತು ‘ಮಿಲಿಯನೇರ್ಸ್’ ಅಂತ ಬರೆಯೋಕೆ ಶುರು ಮಾಡಿದರು. ನಾಲ್ಕು ಸಾವಿರ ಜನ ಇಲ್ಲದ ಊರು, ಮಗು ಮುದುಕರೆಲ್ಲ ಟಿಕೆಟ್ ತಗೊಂಡು ಬಂದು ಕೂತರೂ ಈ ಸಂಬಳ ಹುಟ್ಟೋದು ಕಷ್ಟ. ಬೆಳ್ಳಿ ಗಣಿ ಇತ್ತು, ನಡೀತಿತ್ತು.

ಅಪ್ಪನಿಗೆ ಈ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ. “ಅಷ್ಟೊಂದು ಕೊಟ್ಟು ಹೊರಗಿನೋರನ್ನ ತಂದ್ರಲ್ಲಪ್ಪಾ, ಊರಿನ್ ಹುಡುಗ್ರು ಏನ್ ಮಾಡಿದ್ರಂತೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಟಗಾರರ ಪಟ್ಟಿಯ ತುಂಬ ಹೊರಗಿನವರದೇ ಹೆಸರು. ಅಪ್ಪ ಯಾಕೆ ಕೇಳಿದರು ಅಂತಲೂ ನನಗೆ ಗೊತ್ತು. ನಮ್ಮೂರ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಒಂದು ವರ್ಷ ಬೆಂಗಳೂರಿಂದ ದುಡ್ಡು ಕೊಟ್ಟು ನಾಲ್ಕು ಜನರನ್ನ ಕರೆಸಿದ್ದರು. ಗೆದ್ದೆವು. ಅಲ್ಲಿಯವರೆಗೆ ದಿನಾ ಸಂಜೆ ಶಾಲೆ ಮೈದಾನದಲ್ಲಿ ಆಡ್ತಿದ್ದ ನಮ್ಮಣ್ಣ ಅವತ್ತು ನೆಟ್ ಕಟ್ಟಿದ, ನೀರು ಕೊಟ್ಟ. ಆಮೇಲೆ ಅವನು ಬಾಲ್ ಮುಟ್ಟಿದ್ದು ನಾನು ನೋಡಿಲ್ಲ.

ರೆನ್‌ಫ್ರೂದವರು ಗೆದ್ದರಾ ಅಂತ ಕೇಳ್ತೀರಿ ಅಂತ ಗೊತ್ತು. ಇಲ್ಲ. 1910ರ ಜನವರಿಯಲ್ಲಿ ದೊಡ್ಡವರ ಹೊಸ ಲೀಗ್ ಜನ ಬರದೆ ಮುಳುಗಿತು. ಕಪ್ ಇಟ್ಟುಕೊಂಡಿದ್ದ ಒಟ್ಟಾವವೇ ಬಂದು ಎನ್‌ಎಚ್‌ಎ ಬಾಗಿಲು ತಟ್ಟಿತು. ಆ ಕ್ಷಣ ನೋಡೋಕೆ ಆಂಬ್ರೋಸನ ಮುಖ ಹೇಗಿತ್ತೋ! ಆದರೆ ಸೀಸನ್ ಮುಗಿದಾಗ ವಾಂಡರರ್ಸ್ ಮೊದಲು, ಒಟ್ಟಾವ ಎರಡನೇದು, ಮಿಲಿಯನೇರ್‌ಗಳು ಮೂರನೇ ಜಾಗ. ಸೀಸನ್ ನಡುವೆ ಕೆನೇಡಿಯನ್ಸ್‌ನಿಂದ ನ್ಯೂಸಿ ಲಲೊಂಡ್ ಅನ್ನೋ ಗೋಲು ಯಂತ್ರವನ್ನೂ ರೆನ್‌ಫ್ರೂಗೆ ಎತ್ತಿಕೊಂಡು ಬಂದರು. ಎರಡೂ ಟೀಮ್ ಒಂದೇ ಮನೆಯದು, ಬಲಗೈಯಿಂದ ಎಡಗೈಗೆ ಕೊಟ್ಟ ಹಾಗೆ. ಎರಡೂ ಟೀಮ್ ಸೇರಿ ಅವನು 11 ಪಂದ್ಯದಲ್ಲಿ 38 ಗೋಲು ಹೊಡೆದ. ಆದರೂ ಆಗಲಿಲ್ಲ. ಏಳು ಜನ ಒಟ್ಟಿಗೆ ಆಡಿ ಅಭ್ಯಾಸ ಇರಬೇಕಲ್ಲ.

ಆದರೂ ರೆನ್‌ಫ್ರೂ ಜನ ಇವತ್ತಿಗೂ ಹೇಳಿಕೊಳ್ಳೋದು ಸೋತದ್ದನ್ನಲ್ಲ, ಒಂದು ಗೋಲನ್ನ. ತಮ್ಮನ್ನ ಬಿಟ್ಟುಹೋದ ಅಂತ ಒಟ್ಟಾವದವರಿಗೆ ಟೇಲರ್ ಮೇಲೆ ಉರಿ. ಅವನು ಸುಮ್ಮನಿರಬೇಕಲ್ಲ, ನಿಮ್ಮ ಟೀಮಿನ ನಡುವೆ ಹಿಮ್ಮುಖವಾಗಿ ಜಾರಿಕೊಂಡು ಹೋಗಿ ಗೋಲು ಹೊಡೀತೀನಿ ಅಂದನಂತೆ. ಫೆಬ್ರವರಿ 12ಕ್ಕೆ ಒಟ್ಟಾವದಲ್ಲಿ ಪಂದ್ಯ. ಒಟ್ಟಾವ 8, ರೆನ್‌ಫ್ರೂ 5. ಹಿಮ್ಮುಖವೂ ಇಲ್ಲ ಮುಮ್ಮುಖವೂ ಇಲ್ಲ, ಟೇಲರ್ ಒಂದೂ ಗೋಲು ಹೊಡೆಯಲಿಲ್ಲ. ಊರೆಲ್ಲ ನಕ್ಕಿತು. ಮಾರ್ಚ್ 8ಕ್ಕೆ ರೆನ್‌ಫ್ರೂದಲ್ಲಿ ಮರುಪಂದ್ಯ. ಈ ಸಲ ರೆನ್‌ಫ್ರೂ 17, ಒಟ್ಟಾವ 2. ಹದಿನೇಳು! ಅದರಲ್ಲಿ ಒಂದು ಟೇಲರ್ ಬೆನ್ನು ಮಾಡಿ ಜಾರುತ್ತಾ ಹೊಡೆದದ್ದು. ಎಷ್ಟು ದೂರ ಹಿಮ್ಮುಖವಾಗಿ ಹೋದ, ಎರಡು ಮಾರೋ ಇಡೀ ರಿಂಕೋ ಅನ್ನೋ ಜಗಳ ನೂರು ವರ್ಷದಿಂದ ನಡೀತಿದೆ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಹಳ್ಳಿಯವನೊಬ್ಬ ರಾಜಧಾನಿಯವರಿಗೆ ಬೆನ್ನು ತೋರಿಸಿಕೊಂಡು ಗೋಲು ಹೊಡೆದ ಅನ್ನೋದೇ ಸಾಕಾಗಿತ್ತು. ಟೇಲರ್‌ನ ಒಂದು ಕಪ್ಪುಬಿಳುಪು ಫೋಟೋ ಪ್ರಿಂಟ್ ಹಾಕಿಸಿ ಆಫೀಸಿನ ಡೆಸ್ಕಿನ ಮೇಲೆ ಪಿನ್ನು ಹೊಡೆದೆ. ಸೋಮವಾರದ ಊಟದಲ್ಲಿ ಈಗ ನನಗೂ ಮಾತಿತ್ತು.

ಮುಂದಿನ ಸೀಸನ್‌ಗೆ ಮಾಲೀಕರೆಲ್ಲ ಸೇರಿ ಒಂದು ನಿಯಮ ಮಾಡಿದರು. ಒಂದು ಟೀಮಿನ ಎಲ್ಲಾ ಆಟಗಾರರ ಸಂಬಳ ಸೇರಿ 5,000 ಡಾಲರ್ ದಾಟಬಾರದು. ಗಮನಿಸಿ, ಹಿಂದಿನ ವರ್ಷ ಒಬ್ಬ ಟೇಲರ್‌ಗೇ ಅದಕ್ಕಿಂತ ಹೆಚ್ಚು ಕೊಟ್ಟಿದ್ದರು. ಆಟಗಾರರು ಎಗರಾಡಿದರು, ನಾವೇ ಬೇರೆ ಲೀಗ್ ಮಾಡ್ತೀವಿ ಅಂದರು. ಆದರೆ ರಿಂಕುಗಳು ಇದ್ದದ್ದು ಮಾಲೀಕರ ಕೈಯಲ್ಲಿ. ಬಾಯಿ ಮುಚ್ಚಿಕೊಂಡು ಆಡಿದರು. ರೆನ್‌ಫ್ರೂ ಮತ್ತೆ ಮೂರನೇ ಜಾಗ. 1911ರಲ್ಲಿ ಟೀಮ್ ಮುಚ್ಚಿತು. ಒಟ್ಟು ಎರಡು ಚಳಿಗಾಲ.

ಇದನ್ನ ಓದುವಾಗ ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು, ಯಾಕಂದರೆ ನಾನೂ ಒಮ್ಮೆ ಹೀಗೆ ಕೊಂಡುಕೊಂಡವನು. ಬೆಂಗಳೂರಿನ ಒಂದು ಸ್ಟಾರ್ಟ್‌ಅಪ್ ಇದ್ದ ಸಂಬಳದ ಎರಡೂವರೆ ಪಟ್ಟು ಕೊಟ್ಟು ಎತ್ತಿಕೊಂಡು ಹೋಗಿತ್ತು. ಊರಿನಲ್ಲಿ ಅಪ್ಪ ಯಾರು ಕೇಳಿದರೂ ಕೇಳದಿದ್ದರೂ ಆ ಅಂಕಿ ಹೇಳ್ತಿದ್ದರು. ಒಬ್ಬೊಬ್ಬರೂ ಒಂದೊಂದು ದೊಡ್ಡ ಕಂಪನಿಯ ಸ್ಟಾರ್‌ಗಳು, ಹತ್ತು ಜನ ಒಂದು ಟೀಮ್ ಆಗಲೇ ಇಲ್ಲ. ಎರಡು ವರ್ಷಕ್ಕೆ ಫಂಡ್ ಖಾಲಿ. ಒಂದು ಶುಕ್ರವಾರ ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದು ಹೇಳಿದರು. ಮನೆ ಸಾಲದ ಕಂತು ಹದಿನೆಂಟು ಬಾಕಿ ಇತ್ತು, ಅಪ್ಪನಿಗೆ ಮೂರು ತಿಂಗಳು ಹೇಳಿರಲಿಲ್ಲ.

ಟೀಮ್ ಮುಚ್ಚಿದ ಮೇಲೆ ಎಲ್ಲರೂ ಒಂದೊಂದು ದಿಕ್ಕಾದರು. ಪ್ಯಾಟ್ರಿಕ್ ಅಣ್ಣತಮ್ಮಂದಿರು ದೇಶದ ಇನ್ನೊಂದು ತುದಿಗೆ ಹೋಗಿ, ಅಪ್ಪನ ಮರದ ವ್ಯಾಪಾರ ಮಾರಿದ ದುಡ್ಡಿನಲ್ಲಿ ವ್ಯಾಂಕೂವರ್, ವಿಕ್ಟೋರಿಯಾದಲ್ಲಿ ಕೃತಕ ಮಂಜಿನ ರಿಂಕು ಕಟ್ಟಿ ಪೆಸಿಫಿಕ್ ಕೋಸ್ಟ್ ಲೀಗ್ ಶುರು ಮಾಡಿದರು. ಕೆನಡಾದಲ್ಲಿ ಅವೇ ಮೊದಲ ಕೃತಕ ಐಸ್ ರಿಂಕುಗಳು. ಗೋಲ್‌ಕೀಪರ್ ಬರ್ಟ್ ಲಿಂಡ್ಸೆಯ ಮಗ ಟೆಡ್ 1925ರಲ್ಲಿ ಇದೇ ರೆನ್‌ಫ್ರೂದಲ್ಲಿ ಹುಟ್ಟಿದ. ಬೆಳೆದು ಡೆಟ್ರಾಯ್ಟ್‌ಗೆ ಆಡಿ ದೊಡ್ಡ ಹೆಸರು ಮಾಡಿದ, 1957ರಲ್ಲಿ ಆಟಗಾರರ ಸಂಘ ಕಟ್ಟೋಕೆ ಹೋಗಿದ್ದಕ್ಕೆ ಶಿಕಾಗೋಗೆ ಎತ್ತಂಗಡಿಯಾದ. ಎನ್‌ಎಚ್‌ಎ 1917ರಲ್ಲಿ ಅದೇ ವಿಂಡ್ಸರ್ ಹೋಟೆಲಿನಲ್ಲಿ ಎನ್‌ಎಚ್‌ಎಲ್ ಆಯಿತು, ಮತ್ತೆ ಒಬ್ಬ ಬೇಡದ ಮಾಲೀಕನನ್ನ ಹೊರಗಿಡೋಕೆ! ಗೇಟ್ ಕಲೆಕ್ಷನ್‌ಗೆ ಅಂತ ಸೇರಿಸಿದ್ದ ಆ ಐದನೇ ಟೀಮ್ ಇದೆಯಲ್ಲ, ಫ್ರೆಂಚರದ್ದು, ಒಬ್ರಿಯನ್‌ಗಳು ಒಂದೇ ವರ್ಷಕ್ಕೆ ಕೈಬಿಟ್ಟದ್ದು, ಅದು ಇವತ್ತಿಗೂ ಆಡ್ತಿದೆ. 24 ಸ್ಟಾನ್ಲಿ ಕಪ್ ಗೆದ್ದಿದೆ. ಪ್ರೀತಿಯಿಂದ ಸಾಕಿದ್ದು ಎರಡೇ ವರ್ಷಕ್ಕೆ ಹೋಯಿತು, ಬೇಲಿ ಮೇಲೆ ಎಸೆದದ್ದು ಮರವಾಯಿತು.

ಟೇಲರ್ 1912ರಲ್ಲಿ ವ್ಯಾಂಕೂವರ್‌ಗೆ ಹೋದ, ಫ್ರಾಂಕ್ ಪ್ಯಾಟ್ರಿಕ್‌ನ ಟೀಮಿಗೆ. ಅದರ ಹೆಸರೂ ಮಿಲಿಯನೇರ್ಸ್! 1915ರಲ್ಲಿ ಒಟ್ಟಾವವನ್ನೇ ಸೋಲಿಸಿ ಸ್ಟಾನ್ಲಿ ಕಪ್ ಗೆದ್ದರು. ನನ್ನ ಕಥೆ ಇಲ್ಲಿಗೆ ಸುಖಾಂತ್ಯವಾಗಿ ಮುಗಿದಿತ್ತು.

2016ರ ಮೇ 18. ಪ್ರಧಾನಿ ಟ್ರೂಡೋ ಇಲ್ಲೇ ಒಟ್ಟಾವದ ಸಂಸತ್ತಿನಲ್ಲಿ ಎದ್ದು ನಿಂತು ಕೊಮಗಾಟ ಮಾರು ಹಡಗಿನ ವಿಷಯಕ್ಕೆ ಕ್ಷಮೆ ಕೇಳಿದರು. ಆಫೀಸಿನ ಕೆಫೆಟೇರಿಯಾದ ಟಿವಿ ಮುಂದೆ ನಾವು ಐದಾರು ಜನ ಇಂಡಿಯಾದವರು ಗುಂಪಾಗಿ ನಿಂತು ನೋಡಿದೆವು. ಜಲಂಧರ್ ಕಡೆಯ ಸಹೋದ್ಯೋಗಿಯೊಬ್ಬ ಇದ್ದಾನೆ, ಕನ್ನಡದಲ್ಲಿ ಎರಡು ಬೈಗುಳ ಕಲಿಸಿದ್ದೇನೆ. ಅವನು ವಾಪಸ್ ಬರುವಾಗ ನನ್ನ ಡೆಸ್ಕಿನ ಹತ್ತಿರ ನಿಂತು ಫೋಟೋ ತೋರಿಸಿ ಮೆಲ್ಲಗೆ ಅಂದ: “ನಿನ್ನ ಹೀರೋನೂ ಆ ಹಡಗು ಹತ್ತಿದ್ದ, ಗೊತ್ತಾ? ಪ್ರಯಾಣಿಕನಾಗಿ ಅಲ್ಲ.”

ಅವತ್ತು ರಾತ್ರಿ ಕೂತು ಓದಿದೆ. 1914ರ ಮೇ 23ಕ್ಕೆ ಕೊಮಗಾಟ ಮಾರು ವ್ಯಾಂಕೂವರ್ ಬಂದರಿಗೆ ಬಂತು. ಗುರ್ದಿತ್ ಸಿಂಗ್ ಎಂಬಾತ ಬಾಡಿಗೆಗೆ ಗೊತ್ತು ಮಾಡಿ ಹಾಂಕಾಂಗಿನಿಂದ ಹೊರಡಿಸಿದ್ದ ಹಡಗು. 376 ಜನ, ಬಹುತೇಕ ಪಂಜಾಬಿನ ಸಿಖ್ಖರು. ಅವರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ. ಅವರನ್ನ ತಡೆಯೋಕೆ ಕೆನಡಾ ಎರಡು ಉಪಾಯ ಮಾಡಿಟ್ಟಿತ್ತು. ಒಂದು, ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದಿರಬೇಕು. ಇಂಡಿಯಾದಿಂದ ನೇರವಾಗಿ ಬರೋ ಹಡಗೇ ಇರಲಿಲ್ಲ. ಇನ್ನೊಂದು, ಪ್ರತಿಯೊಬ್ಬನ ಕೈಯಲ್ಲೂ 200 ಡಾಲರ್ ಇರಬೇಕು. ಆ ನೇರ ಪ್ರಯಾಣದ ನಿಯಮದಲ್ಲಿ ಜಾತಿ, ಬಣ್ಣ ಅಂತ ಒಂದು ಅಕ್ಷರ ಇಲ್ಲ, ನೋಡಿ. ಒಳ್ಳೇ ಪ್ರೋಗ್ರಾಮರ್ ಬರೆದ ಇಫ್ ಕಂಡೀಷನ್ ಥರ ಇದೆ. ಹಡಗು ಎರಡು ತಿಂಗಳು ದಡ ಕಾಣುವಷ್ಟು ದೂರದಲ್ಲಿ ನಿಂತಿತ್ತು, ಅನ್ನ ನೀರಿಗೆ ಪರದಾಟ. ಇಪ್ಪತ್ತು ಚಿಲ್ಲರೆ ಜನರನ್ನ ಮಾತ್ರ ಇಳಿಸಿಕೊಂಡು ಜುಲೈ 23ಕ್ಕೆ ಯುದ್ಧನೌಕೆಯ ಕಾವಲಿನಲ್ಲಿ ವಾಪಸ್ ಅಟ್ಟಿದರು. ಕಲ್ಕತ್ತೆ ಹತ್ತಿರದ ಬಜ್‌ಬಜ್‌ನಲ್ಲಿ ಇಳಿಯುವಾಗ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿದರು. ಸುಮಾರು ಇಪ್ಪತ್ತು ಪ್ರಯಾಣಿಕರು ಸತ್ತರು.

ಆ ಹಡಗು ಹತ್ತಿದ ವಲಸೆ ಇಲಾಖೆಯ ಅಧಿಕಾರಿಗಳಲ್ಲಿ ಫ್ರೆಡ್ ಟೇಲರ್ ಒಬ್ಬ. ಒಟ್ಟಾವದಲ್ಲಿ ಹಾಕಿ ಆಡಲಿ ಅಂತ ಕೊಡಿಸಿದ್ದ ಕೆಲಸ, ಅವನ ಜೊತೆಗೇ ವ್ಯಾಂಕೂವರ್‌ವರೆಗೆ ಬಂದಿತ್ತು.

ಅವನೇನು ಕಾಯಿದೆ ಬರೆದವನಲ್ಲ, ನಿರ್ಧಾರ ಮಾಡಿದವನೂ ಅಲ್ಲ. ಮೇಲಿನವರು ಹೇಳಿದ್ದನ್ನ ಮಾಡಿದ ನೌಕರ. ಅವನ ಸಿಟ್ಟೋ ಸಂಕಟವೋ ನನಗೆ ಗೊತ್ತಾಗೋದು ಹೇಗೆ? ಆದರೆ ಒಂದು ವಿಷಯ ಮನಸ್ಸಿನಿಂದ ಹೋಗಲಿಲ್ಲ. ಇವನೂ ಇಪ್ಪತ್ತೆರಡರ ಆಸುಪಾಸಿನಲ್ಲಿ ಸಂಬಳಕ್ಕಾಗಿ ಗಡಿ ದಾಟಿ ಅಮೆರಿಕದ ಹೌಟನ್ ಅನ್ನೋ ತಾಮ್ರದ ಗಣಿ ಊರಿಗೆ ಹೋಗಿ ಆಡಿದವನು. ಆಮೇಲೆ ಒಟ್ಟಾವ, ಆಮೇಲೆ ರೆನ್‌ಫ್ರೂ, ಆಮೇಲೆ ವ್ಯಾಂಕೂವರ್. ಜಾಸ್ತಿ ಕೊಟ್ಟ ಕಡೆ ಹೋದ. ಅದರಲ್ಲಿ ತಪ್ಪೇನಿದೆ? ನಾನೂ ಹೋಗಿದ್ದೇನೆ. ಅವನ ಎರಡು ತಿಂಗಳ ಸಂಬಳದಲ್ಲಿ ಆ ಹಡಗಿನ 26 ಜನರಿಗೆ ತಲಾ 200 ಡಾಲರ್ ಕೈಗೆ ಕೊಡಬಹುದಿತ್ತು. ಸುಮ್ಮನೆ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿ ನೋಡಿದೆ, ಅಷ್ಟೇ. ಟೇಲರ್ ಅದೇ ಇಲಾಖೆಯಲ್ಲಿ ಮೇಲೇರುತ್ತಾ ಹೋದ. 1979ರಲ್ಲಿ ತೊಂಬತ್ತು ದಾಟಿದ ಮುದುಕನಾಗಿ ವ್ಯಾಂಕೂವರಿನಲ್ಲೇ ತೀರಿಕೊಂಡ.

ಅಪ್ಪನಿಗೆ ಫೋನಿನಲ್ಲಿ ಇದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ಫೋಟೋ ಕಿತ್ತಾಕ್ದಾ?” ಅಂದರು.

“ಇಲ್ಲಪ್ಪ, ಇನ್ನೂ ಇಲ್ಲ.”

“ಹೂಂ. ನಿಂದು ಪರ್ಮನೆಂಟ್ ಆಗೋ ಕಾಗದ ಏನಾಯ್ತು?”

ಅದನ್ನ ಆ ವಾರಾಂತ್ಯವೇ ತುಂಬಬೇಕಿತ್ತು. ಪಾಸ್‌ಪೋರ್ಟ್ ನಂಬರ್, ಹತ್ತು ವರ್ಷದ ವಿಳಾಸಗಳು, ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಅನ್ನೋ ಪತ್ರ. ಆ ಪತ್ರದ ಹತ್ತಿರ ಬಂದಾಗ 200 ಡಾಲರ್ ನೆನಪಾಯಿತು. ಮುಂದಿನ ಪುಟದಲ್ಲಿ ಒಂದು ಪ್ರಶ್ನೆ: ನಿಮಗೆ ಕೆನಡಾ ಅಥವಾ ಬೇರೆ ಯಾವುದೇ ದೇಶದಲ್ಲಿ ಪ್ರವೇಶ ನಿರಾಕರಿಸಲಾಗಿತ್ತೇ? ಹೌದು, ಇಲ್ಲ, ಎರಡು ಚೌಕ. ನಾನು ಇಲ್ಲ ಅನ್ನೋದಕ್ಕೆ ಟಿಕ್ ಹಾಕಿದೆ, ಸೇವ್ ಮಾಡಿದೆ, ಎದ್ದು ಹೋಗಿ ಕಾಫಿಗೆ ನೀರಿಟ್ಟೆ.